ಹಳೇ ಲೈಬ್ರರಿ, ನಾಲ್ಕು ಕಲ್ಲು

ನಮ್ಮೂರಿನ ಹಳೇ ಲೈಬ್ರರಿ ಬಿಲ್ಡಿಂಗ್ ರಿಪೇರಿ ಮುಗೀತಾ ಬಂತು, ಕಲ್ಲಲ್ಲಿ ಏನ್ ಕೆತ್ತಿಸ್ಬೇಕು ಅಂತ ನೀನೇ ಒಂದು ಹತ್ತು ಸಾಲು ಬರೆದುಕೊಡಪ್ಪ ಅಂತ ಮೇಷ್ಟ್ರು ಫೋನ್ ಮಾಡಿದಾಗ ನಾನು ಮೈಸೂರಲ್ಲಿ ಆಫೀಸ್ ಕ್ಯಾಂಟೀನಲ್ಲಿ ಚಿತ್ರಾನ್ನ ತಿಂತಿದ್ದೆ. ಹತ್ತು ಸಾಲು ತಾನೆ, ರಾತ್ರಿ ಬರೆದು ವಾಟ್ಸಾಪ್ ಹಾಕ್ತೀನಿ ಸಾರ್ ಅಂದ್ಬಿಟ್ಟೆ. ಆ ಹತ್ತು ಸಾಲಿಗೆ ಐದು ತಿಂಗಳು ಹಿಡೀತು, ಎರಡು ಸಲ ಜಗಳ ಆಯ್ತು, ಒಂದು ಕಲ್ಲು ದಂಡ ಆಯ್ತು.

ಊರು ಮಂಡ್ಯ ಜಿಲ್ಲೆ, ಮದ್ದೂರಿಂದ ತುಂಬಾ ದೂರ ಏನಿಲ್ಲ, ಹೆಸರು ಬೇಡ ಬಿಡಿ, ಎಲ್ರೂ ಒಬ್ರಿಗೊಬ್ರು ಗೊತ್ತಿರೋರೆ. ಬಿಲ್ಡಿಂಗ್ ಅಂದ್ರೆ ದೊಡ್ಡದೇನಲ್ಲ, ಮುಂದೆ ಜಗಲಿ, ನಡುವೆ ಒಂದು ಉದ್ದ ಹಾಲು, ಮೇಲೆ ಮಂಗಳೂರು ಹೆಂಚು, ಹಿಂದೆ ಎರಡು ರೂಮು ಮದ್ರಾಸ್ ತಾರಸಿ. ನಾನು ಹೈಸ್ಕೂಲಲ್ಲಿ ಇರೋವರೆಗೂ ಅದೇ ಲೈಬ್ರರಿ. ಆಮೇಲೆ ಲೈಬ್ರರಿ ಬಸ್ ಸ್ಟ್ಯಾಂಡ್ ಪಕ್ಕದ ಆರ್‌ಸಿಸಿ ಬಿಲ್ಡಿಂಗಿಗೆ ಹೋಯ್ತು, ಇದು ಗೋಡೌನ್ ಆಯ್ತು. ಮೊದಲು ಎಲೆಕ್ಷನ್ ಡಬ್ಬ, ಆಮೇಲೆ ಕೆಟ್ಟ ಬೀದಿದೀಪ, ಕೊನೆಗೆ ಬ್ಲೀಚಿಂಗ್ ಪೌಡರ್ ಮೂಟೆ. ಬ್ಲೀಚಿಂಗ್ ಪೌಡರ್ ಇಟ್ಟಿದ್ದೇ ದೊಡ್ಡ ತಪ್ಪು, ಅದರ ಗಾಳಿಗೆ ಕಿಟಕಿ ಸರಳು ಎಲ್ಲಾ ತುಕ್ಕು ಹಿಡಿದು ಬೆರಳಲ್ಲಿ ಮುರಿಯೋ ಹಂಗಾಗಿತ್ತು. ಒಂದು ಮಳೆಗಾಲದಲ್ಲಿ ಹಿಂದಿನ ರೂಮಿನ ತಾರಸಿ ಒಂದು ಮೂಲೆ ಇಳೀತು, ಕೆಡವ್ಬಿಡಿ ಅಂತ ಒಂದು ಗುಂಪು, ಬೇಡ ಅಂತ ಇನ್ನೊಂದು. ಮೈಸೂರಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಬಿದ್ದು ಜನ ಸತ್ತಿದ್ದು, 2016ರಲ್ಲಿ ದೇವರಾಜ ಮಾರ್ಕೆಟ್ ಒಂದು ಕಡೆ ಕುಸಿದಿದ್ದು ಎಲ್ರಿಗೂ ನೆನಪಿದೆ, ಎರಡು ಗುಂಪಿನವರೂ ಅದನ್ನೇ ಉದಾಹರಣೆ ಕೊಡೋರು, ಒಬ್ರು ನೋಡಿ ಬಿದ್ದೇ ಬಿಡ್ತು ಅಂತ, ಇನ್ನೊಬ್ರು ನೋಡಿ ಸಕಾಲಕ್ಕೆ ರಿಪೇರಿ ಮಾಡ್ಲಿಲ್ಲ ಅಂತ. ಕೊನೆಗೆ ಹಳೇ ವಿದ್ಯಾರ್ಥಿಗಳು ಸ್ವಲ್ಪ, ಊರೋರು ಸ್ವಲ್ಪ, ಅನುದಾನ ಅಂತ ಸ್ವಲ್ಪ ಸೇರಿ ರಿಪೇರಿ ಶುರು ಆಯ್ತು.

ರಿಪೇರಿ ಕತೆನೇ ಬೇರೆ ಬರೀಬೋದು, ಇಲ್ಲಿ ಚಿಕ್ಕದಾಗಿ ಹೇಳ್ತೀನಿ ಯಾಕಂದ್ರೆ ಕಲ್ಲಿಗೂ ಅದಕ್ಕೂ ಸಂಬಂಧ ಇದೆ. ಹಳೇ ಗೋಡೆ ಇಟ್ಟಿಗೆ ಮತ್ತೆ ಸುಣ್ಣದ ಗಾರೆ. ಮಧ್ಯೆ ಯಾವಾಗ್ಲೋ ಯಾರೋ ಪುಣ್ಯಾತ್ಮರು ಕೆಳಗಿನ ನಾಲ್ಕಡಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರು, ಗಟ್ಟಿ ಇರ್ಲಿ ಅಂತ. ಸುಣ್ಣದ ಗೋಡೆ ನೆಲದ ತೇವ ಎಳೆದು ಗಾಳಿಗೆ ಬಿಡುತ್ತೆ, ಸಿಮೆಂಟ್ ಮುಚ್ಚಿದ್ರೆ ಆ ನೀರು ಒಳಗೇ ನಿಂತು ಮೇಲಕ್ಕೆ ಹತ್ತುತ್ತೆ, ಹಂಗಾಗಿ ಸಿಮೆಂಟ್ ಗಟ್ಟಿಯಾಗಿತ್ತು, ಒಳಗಿನ ಇಟ್ಟಿಗೆ ಪುಡಿಯಾಗಿತ್ತು. ಗಾರೆ ಕೆಲಸ ಬಲ್ಲ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕಿದ್ದು ನಮ್ಮ ಅದೃಷ್ಟ, ನಾವೆಲ್ಲ ತಾತ ಅಂತಿದ್ವಿ. ತಾತ ಸಿಮೆಂಟ್ ಪೂರಾ ಕೀಳಿಸಿ, ಸುಣ್ಣ ಗುಂಡಿಲಿ ಅರಳಿಸಿ ವಾರಗಟ್ಟಲೆ ಕೊಳೆ ಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಸಿ, ಬೆಲ್ಲ ಅಳಲೆಕಾಯಿ ನೆನೆಸಿದ ನೀರು ಹಾಕಿ ಕಲೆಸಿದ್ರು. ಮಂಡ್ಯದಲ್ಲಿ ಬೆಲ್ಲಕ್ಕೇನು ಬರ. ಆದ್ರೆ ಆ ವಾಸನೆಗೆ ಇರುವೆ ಬಂದಿದ್ದು ನೋಡ್ಬೇಕಿತ್ತು.

ಕಲ್ಲಿನ ವಿಷ್ಯಕ್ಕೆ ಬರ್ತೀನಿ. ಮೊದಲನೇ ಮೀಟಿಂಗಲ್ಲೇ ಕಮಿಟಿಯ ಒಬ್ರು, ಬಿಲ್ಡಿಂಗಿಗೆ 150 ವರ್ಷದ ಮೇಲಾಗಿದೆ, ಹೆಂಚಿನ ಮೇಲೇ 1865 ಅಂತ ಇದೆ, ಹಂಗೇ ಕೆತ್ತಿಸಿ ಅಂದ್ರು. ಹೆಂಚು ತರಿಸಿ ನೋಡಿದ್ರೆ ಹೌದು, ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865 ಅಂತ ಅಚ್ಚು. ಅದು ಮಂಗಳೂರಲ್ಲಿ ಫ್ಯಾಕ್ಟರಿ ಶುರುವಾದ ವರ್ಷ, ಸೋಪಿನ ಮೇಲೆ ಕಂಪನಿ ಸ್ಥಾಪನೆ ವರ್ಷ ಹಾಕ್ತಾರಲ್ಲ ಹಂಗೆ, ಹೆಂಚು ಸುಟ್ಟ ವರ್ಷ ಅಲ್ಲ ಅಂತ ಹೇಳಿದ್ದಕ್ಕೆ, "ನೀವು ಮೈಸೂರೋರು ಬುಡಿ, ನಮ್ಮೂರು ಹಳೇದು ಅಂದ್ರೆ ತಡ್ಕಳಕಾಗಲ್ಲ" ಅಂದ್ಬಿಟ್ರು. ನಾನು ಹುಟ್ಟಿದ್ದು ಅವರ ಮನೆಯಿಂದ ಮೂರನೇ ಬೀದಿಲಿ.

ಅಷ್ಟ್ರಲ್ಲಿ ಜಗಲಿ ಗೋಡೆ ಡಿಸ್ಟೆಂಪರ್ ಕೆರೀತಿದ್ದ ಹುಡ್ಗನಿಗೆ ಬಾಗಿಲ ಪಕ್ಕ ಕೆರೆಯೋ ಪಟ್ಟಿ ಟಣ್ ಅಂತು. ಒಳಗೆ ಅಮೃತಶಿಲೆ ಹಲಗೆ, ಒಂದೂವರೆ ಅಡಿ ಇರ್ಬೋದು. ಪದರ ಪದರ ಬಣ್ಣ, ಹಳದಿ, ಅದರ ಕೆಳಗೆ ನೀಲಿ ಸುಣ್ಣ, ಅದರ ಕೆಳಗೆ ಇನ್ನೇನೋ. ನಾನು ಶನಿವಾರ ಬಸ್ಸಿಳಿದು ಓಡಿಹೋಗೋ ಹೊತ್ತಿಗೆ ಒಬ್ಬ ಆಸಿಡ್ ಬಾಟ್ಲಿ ಹಿಡ್ಕೊಂಡು ರೆಡಿ ನಿಂತಿದ್ದ, ಟಾಯ್ಲೆಟ್ ತೊಳೆಯೋ ಆಸಿಡ್ಡು. ಅಮೃತಶಿಲೆಗೆ ಆಸಿಡ್ ಬಿದ್ರೆ ನೊರೆ ಬಂದು ಕಲ್ಲೇ ಕರಗುತ್ತೆ, ಅಕ್ಷರದ ಅಂಚೆಲ್ಲ ಹೋಗುತ್ತೆ. ಬಾಟ್ಲಿ ಕಿತ್ಕೊಂಡು ನೀರು, ಮೆತ್ತಗಿನ ಬ್ರಷ್ಷು, ಬಿದಿರಿನ ಕಡ್ಡಿ, ಇಷ್ಟರಲ್ಲೇ ಎರಡು ದಿನ ಕೂತು ಬಿಡಿಸಿದ್ವಿ. ಹಳೇ ಟೂತ್ ಬ್ರಷ್ ಈ ಕೆಲಸಕ್ಕೆ ಬೆಸ್ಟು.

ಬಿಡಿಸಿದ್ಮೇಲೂ ಹಗಲಲ್ಲಿ ಏನೂ ಕಾಣ್ಲಿಲ್ಲ. ಮೈಸೂರಲ್ಲಿ ಶಾಸನ ಓದೋ ಕೆಲಸ ಸ್ವಲ್ಪ ಕಲ್ತಿರೋ ಒಬ್ಬ ಗೆಳೆಯ ಇದ್ದಾನೆ (ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಇರೋದು ಮೈಸೂರಲ್ಲೇ, ಹಂಗಾಗಿ ಊರಲ್ಲಿ ಈ ಹುಚ್ಚು ಇರೋ ಜನ ಸಿಗ್ತಾರೆ). ಅವನು ಫೋನಲ್ಲೇ ಹೇಳಿದ, ರಾತ್ರಿ ಆಗ್ಲಿ, ಲೈಟ್ ಆರಿಸಿ ಟಾರ್ಚ್ ನೇರ ಬಿಡ್ಬೇಡ, ಗೋಡೆಗೆ ಒರಗಿಸಿ ಪಕ್ಕದಿಂದ ಬಿಡು ಅಂತ. ಹಂಗೇ ಮಾಡಿದ್ವಿ, ಒಂದು ಕಡೆಯಿಂದ ಬೆಳಕು ಬಿದ್ದ ತಕ್ಷಣ ಪ್ರತಿ ಗೀಟಿಗೂ ನೆರಳು ಬಂದು ಅಕ್ಷರ ಎದ್ದು ಕೂತ್ಕೊಂಡ್ವು, ಮೇಷ್ಟ್ರು ಅಯ್ಯಪ್ಪಾ ಅಂದ್ರು. ಮುಂದಿನ ವಾರ ಅವನೇ ಬಂದು ಮಸಿ ಅಚ್ಚು ತೆಗೆದ. ಒದ್ದೆ ಕಾಗದ ಕಲ್ಲಿಗೆ ಹಚ್ಚಿ ಬ್ರಷ್ಷಲ್ಲಿ ಕುಟ್ಟಿ ಕುಟ್ಟಿ ಅಕ್ಷರದ ಗುಂಡಿಯೊಳಗೆ ಇಳಿಸಿ, ಅರ್ಧ ಒಣಗಿದ್ಮೇಲೆ ಮಸಿ ಗುದ್ದಿದ್ರೆ ಸುತ್ತ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತೆ. ಆ ಕಾಗದ ಈಗ ಫ್ರೇಮ್ ಹಾಕಿ ಹಾಲಲ್ಲಿ ಇಟ್ಟಿದಾರೆ, ನನ್ನ ಪ್ರಕಾರ ಅಲ್ಲಿರೋ ವಸ್ತುಗಳಲ್ಲೇ ಚಂದದ್ದು ಅದೇ.

ಈಗ ವರ್ಷದ ಜಗಳ. ವಾಚನಾಲಯ ಅಂತ ಇತ್ತು, ಮೈಸೂರು ಸಂಸ್ಥಾನ ಅಂತ ಇತ್ತು, ಕೆಳಗೆ ೧೯೨ ಅಂತ ಚೆನ್ನಾಗಿ ಕಾಣುತ್ತೆ, ಕೊನೇ ಅಂಕಿ ಮಾತ್ರ ಚಕ್ಕೆ ಎದ್ದಿದೆ. ಒಬ್ರು ೬ ಅಂದ್ರು, ಇನ್ನೊಬ್ರು ೯ ಅಂದ್ರು. ಕನ್ನಡ ಅಂಕಿ ದಿನಾ ಬಳಸದೇ ಇದ್ರೆ ಇದೇ ಗತಿ, ೬ಕ್ಕೂ ೯ಕ್ಕೂ ಬಾಲ ತಿರುಗೋದ್ರಲ್ಲಿ ಅಷ್ಟೇ ವ್ಯತ್ಯಾಸ, ಇಲ್ಲಿ ಆ ಬಾಲವೇ ಇಲ್ಲ. ಅಂಕಿಗಿಂತ ಮುಂಚೆ "ಶುಕ್ಲ" ಅಂತ ಒಂದು ಪದ, ಅದಾದ್ಮೇಲೆ ಶ್ರಾವಣ ಅಂತ ಇತ್ತು, ಅದು ಶುಕ್ಲಪಕ್ಷ ಬಿಡಿ, ಉಪಯೋಗಕ್ಕೆ ಬರಲ್ಲ ಅಂತ ಎಲ್ರೂ ಕೈಬಿಟ್ಟಿದ್ವಿ. ದೇವಸ್ಥಾನದ ಐನೋರು ಸಂಜೆ ವಾಕಿಂಗ್ ಬಂದೋರು ಕಾಗದ ನೋಡಿ, "ಪಕ್ಷ ಅಲ್ಲ ಕಣ್ರೋ, ಪಕ್ಷ ಆಗಿದ್ರೆ ಶ್ರಾವಣ ಆದ್ಮೇಲೆ ಬರ್ಬೇಕಿತ್ತು, ಇದು ಮುಂಚೆನೇ ಬಂದಿದೆ, ಇದು ಸಂವತ್ಸರ" ಅಂದ್ರು. ಬೆರಳು ಮಡಿಸಿ ಎಣಿಸಿದ್ರು. 1927ರ ಯುಗಾದಿಗೆ ಪ್ರಭವ, ಆಮೇಲೆ ವಿಭವ, ಆಮೇಲೆ ಶುಕ್ಲ. 1929. 1926 ಆಗಿದ್ರೆ ಕ್ಷಯ ಸಂವತ್ಸರ ಆಗ್ತಿತ್ತು, ಅದನ್ನ ಬರೆಯೋರು ಅಕ್ಷಯ ಅಂತ ಬರ್ಕೊಳ್ತಾರೆ, ಕೆಟ್ಟ ಹೆಸರು ಯಾಕೆ ಅಂತ. ನಾಲ್ಕು ಜನ ಮೊಬೈಲ್ ಹಿಡ್ಕೊಂಡು ಒಂದು ವಾರ ಒದ್ದಾಡಿದ್ದನ್ನ ಐನೋರು ಎರಡು ನಿಮಿಷದಲ್ಲಿ ಮುಗಿಸಿ, ಕಾಫಿನೂ ಕುಡೀದೆ ಹೋದ್ರು.

1929 ಅಂತ ಆಯ್ತು. ಆಗ ಇನ್ನೊಂದು ತಗಾದೆ. ಡ್ರಾಫ್ಟಲ್ಲಿ ಯಾರೋ "ಮಂಡ್ಯ ಜಿಲ್ಲೆಯ ಪ್ರಪ್ರಥಮ ಗ್ರಂಥಾಲಯ" ಅಂತ ಸೇರಿಸಿದ್ರು. 1929ರಲ್ಲಿ ಮಂಡ್ಯ ಜಿಲ್ಲೆನೇ ಇರ್ಲಿಲ್ಲ, ಜಿಲ್ಲೆ ಆಗಿದ್ದು 1939ರಲ್ಲಿ, ಅಲ್ಲಿವರೆಗೂ ನಾವು ಮೈಸೂರು ಜಿಲ್ಲೆ. ಕನ್ನಂಬಾಡಿ ಕಟ್ಟೆ ಕೆಲಸನೇ ಇನ್ನೂ ನಡೀತಿತ್ತು, ನಾಲೆ ನೀರು ಬಂದಿರ್ಲಿಲ್ಲ, ಸಕ್ಕರೆ ಕಾರ್ಖಾನೆ 1933ರದ್ದು. ಮತ್ತೆ ಪ್ರಪ್ರಥಮ ಅಂತ ಯಾರು ಹೇಳಿದ್ದು, ಪಕ್ಕದ ಊರೋರು ಬಂದು ನಮ್ಮದು ಮೊದ್ಲು ಅಂದ್ರೆ ಕಲ್ಲು ಕಿತ್ತು ಹಾಕ್ತೀರಾ ಅಂತ ಕೇಳಿದೆ. ಪ್ರಪ್ರಥಮ ತೆಗೆಸೋಕೆ ಮೂರು ಮೀಟಿಂಗ್ ಬೇಕಾಯ್ತು. ನಮ್ ಜನಕ್ಕೆ ಬಿಲ್ಡಿಂಗ್ ಇದ್ರೆ ಸಾಲ್ದು, ಪ್ರಪ್ರಥಮ ಇರ್ಬೇಕು.

ಎರಡನೇ ಕಲ್ಲು ಸಿಕ್ಕಿದ್ದು ಹಿತ್ತಲಲ್ಲಿ. ಕೊಳಾಯಿ ಹತ್ರ ಕಾಲು ತೊಳೆಯೋಕೆ ಅಂತ ಒಂದು ಚಪ್ಪಡಿ ಇತ್ತು, ನಾವು ಚಿಕ್ಕೋರಿದ್ದಾಗಿಂದ ಅದರ ಮೇಲೆ ನಿಂತು ನೀರು ಕುಡಿದಿದೀವಿ. ಚರಂಡಿ ಲೆವೆಲ್ ಮಾಡೋಕೆ ಅಂತ ಮೀಟಿದ್ರೆ ಅಡಿಯಲ್ಲಿ ಅಕ್ಷರ. ಒರಟು ಕಲ್ಲು, ಪಾಲಿಶ್ ಗೀಲಿಶ್ ಇಲ್ಲ, ಸಾಲು ಕೂಡ ಸೊಟ್ಟ. ವರ್ಷ ಇಲ್ಲ, ರಾಜರ ಹೆಸರಿಲ್ಲ. ಯಾರ್ ಯಾರು ಏನೇನು ಕೊಟ್ರು ಅನ್ನೋ ಪಟ್ಟಿ. ಬಾಗಿಲು ಮರ ಇಂಥವರು, ಎರಡು ಬೆಂಚು ಇಂಥವರು. "ಗಾರೆಗೆ ಬೆಲ್ಲ ಆಲೆಮನೆಯವರು". ಕೊನೇ ಸಾಲು "ಕಲ್ಲು ಕೆಲಸದವರು ಒಂದು ದಿನದ ಕೂಲಿ ಬಿಟ್ಟರು". ಕಲ್ಲು ಕೆಲಸದವರ ಕೈಯಲ್ಲೇ ಉಳಿ ಇತ್ತಲ್ಲ, ತಮ್ಮ ಸಾಲು ತಾವೇ ಕೆತ್ಕೊಂಡಿರ್ತಾರೆ ಅಂತ ನನ್ನ ಊಹೆ, ಆ ಸಾಲಿನ ಅಕ್ಷರ ಮಾತ್ರ ಒಂಚೂರು ದಪ್ಪ. ಗಾರೆ ತಾತ ಬಂದು, ಓದಕ್ಕೆ ಬರಲ್ಲ ಅವರಿಗೆ, ನಾನು ಓದಿ ಹೇಳಿದ್ಮೇಲೆ "ಬೆಲ್ಲ ಅಂತ ಬರ್ದವ್ರಾ? ನಾ ಏಳ್ಲಿಲ್ವಾ ನಿಮ್ಗೆ" ಅಂದ್ರು. ಬೆಲ್ಲ ಹಾಕೋದು ಮೂಢನಂಬಿಕೆ ಅಂತ ಜೆಇ (ಜೂನಿಯರ್ ಇಂಜಿನಿಯರ್) ಒಬ್ರು ತಾತನ ಹತ್ರ ವಾದ ಮಾಡಿದ್ರು, ಅದರ ಸಿಟ್ಟು ಇನ್ನೂ ಇತ್ತು.

ಈ ಕಲ್ಲು ನೋಡಿದ್ಮೇಲೆ ನನ್ನ ಹತ್ತು ಸಾಲು ಪೂರ್ತಿ ಕೆಟ್ಟೋಯ್ತು. ಅಲ್ಲಿವರೆಗೆ ನಾನು ಬರೆದಿದ್ದು "ಈ ಭವ್ಯ ಕಟ್ಟಡವು ಜ್ಞಾನದಾಸೋಹದ ಕೇಂದ್ರವಾಗಿ" ಅಂತ ಏನೇನೋ, ಈಗ ಓದಿದ್ರೆ ನಾಚಿಕೆ ಆಗುತ್ತೆ. ನಮ್ ಮದ್ದೂರು ತಾಲ್ಲೂಕಿನ ಆತಕೂರು ಕಲ್ಲು ನೆನಪಾಯ್ತು. ಈಗ ಬೆಂಗಳೂರು ಮ್ಯೂಸಿಯಮ್ಮಲ್ಲಿದೆ. ಕ್ರಿಸ್ತಶಕ 949-50ರ ಕಾಲದ್ದು, ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಬೂತುಗ, ಚೋಳರ ಮೇಲಿನ ಯುದ್ಧ ಎಲ್ಲಾ ಅದರಲ್ಲಿ ಇದೆ, ಆದ್ರೆ ಕಲ್ಲು ನೆಟ್ಟಿದ್ದು ಕಾಳಿ ಅನ್ನೋ ನಾಯಿಗೆ. ಮಣಲೆರ ಅನ್ನೋ ವೀರ ಯುದ್ಧದಲ್ಲಿ ಗೆದ್ದಿದ್ದಕ್ಕೆ ಬೂತುಗನ ಹತ್ರ ಕೇಳಿ ತಗೊಂಡ ನಾಯಿ ಅದು, ಹಂದಿ ಜತೆ ಹೋರಾಡಿ ಎರಡೂ ಸತ್ವು, ಅದಕ್ಕೆ ಕಲ್ಲು. ಮೇಲೆ ನಾಯಿ ಹಂದಿ ಚಿತ್ರನೂ ಕೆತ್ತಿದಾರೆ. ಸಾವಿರ ವರ್ಷದ ಹಿಂದೆ ನಾಯಿ ಹೆಸರು ಕೆತ್ತಿಸೋ ಬುದ್ಧಿ ಇದ್ದ ಸೀಮೆಲಿ, ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ಪೇಪರನ್ನ ಕಡ್ಡಿಗೆ ಸಿಗಿಸಿ ಟೇಬಲ್ ಮೇಲೆ ಹಾಕ್ತಿದ್ದ ಅಟೆಂಡರ್ ಬಗ್ಗೆ ಒಂದು ಸಾಲು ಯಾಕಿರಬಾರ್ದು ಅಂತ ನಾನು ಕೇಳಿದೆ. ಕಮಿಟಿಲಿ ಒಬ್ರು "ನಾಯಿಗೂ ಅಟೆಂಡರ್‌ಗೂ ಹೋಲಿಸ್ತೀಯೇನಪ್ಪ" ಅಂದ್ರು. ಅಲ್ಲಿಗೆ ಆ ಮೀಟಿಂಗ್ ಬರಖಾಸ್ತು.

ಇಷ್ಟೆಲ್ಲ ಆಗ್ತಿದ್ದಾಗ ಅಫಿಷಿಯಲ್ ಕಲ್ಲಿನ ಮ್ಯಾಟರ್ ಬೇರೆ ಕಡೆಯಿಂದ ಟೈಪ್ ಆಗಿ ಬಂತು. ಅನುದಾನ ಅಂದ್ಮೇಲೆ ಶಿಷ್ಟಾಚಾರ ಇರುತ್ತೆ, ಅದರಲ್ಲಿ ತಪ್ಪಿಲ್ಲ, ಯಾರ್ ಉದ್ಘಾಟನೆ, ಯಾರ್ ಅಧ್ಯಕ್ಷತೆ, ಯಾರ್ ಘನ ಉಪಸ್ಥಿತಿ, ಅದೆಲ್ಲ ಒಂದು ಆರ್ಡರಲ್ಲೇ ಬರ್ಬೇಕು, ಅಕ್ಷರದ ಸೈಜು ಕೂಡ. ಮೊದಲು ಎರಡಡಿ ಮೂರಡಿ ಕಲ್ಲು ಅಂತಿತ್ತು. ಒಂದು ವಾರಕ್ಕೆ ಮುಖ್ಯ ಅತಿಥಿಗಳು ನಾಲ್ಕು ಜನ ಜಾಸ್ತಿ ಆದ್ರು, ಆಮೇಲೆ ಅವರನ್ನ ಬಿಟ್ಟಿದೀರಿ ಇವರನ್ನ ಬಿಟ್ಟಿದೀರಿ ಅಂತ ಇನ್ನಷ್ಟು, ಕಲ್ಲು ಮೂರಡಿ ಐದಡಿ ಆಯ್ತು. ಅದರಲ್ಲಿ ಲೈಬ್ರರಿ ಬಗ್ಗೆ ಇದ್ದಿದ್ದು ಒಂದೇ ಸಾಲು, "ಹಳೆಯ ಗ್ರಂಥಾಲಯ ಕಟ್ಟಡದ ಜೀರ್ಣೋದ್ಧಾರ ಕಾಮಗಾರಿ". ಕಟ್ಟಿದ ವರ್ಷನೂ ಇಲ್ಲ. 1929 ಒಂದು ಸೇರಿಸಿ ಅಂದ್ರೆ ಜಾಗ ಇಲ್ಲ ಅಂದ್ರು. ಹೊಟ್ಟೆ ಉರಿ ಯಾಕೆ ಅಂದ್ರೆ ದುಡ್ಡು ಕೊಟ್ಟಿರೋದು ನಾವೂ ತಾನೆ, 1965ರ ಗ್ರಂಥಾಲಯ ಕಾಯ್ದೆ ಬಂದಾಗಿಂದ ಆಸ್ತಿ ತೆರಿಗೆ ಜತೆ ಲೈಬ್ರರಿ ಸೆಸ್ ಕಟ್ತಾನೇ ಇದೀವಿ, ಈಗ ರೂಪಾಯಿಗೆ 6 ಪೈಸೆ, ಕಂದಾಯ ರಸೀದಿ ನೋಡ್ಕೊಳಿ. ಸೆಸ್ ಕಟ್ಟಿದೋರ ಹೆಸರೆಲ್ಲ ಕೆತ್ತಿಸಿದ್ರೆ ಚಾಮುಂಡಿ ಬೆಟ್ಟ ಸಾಲಲ್ಲ ಅಂತ ಮೇಷ್ಟ್ರು ಸಮಾಧಾನ ಮಾಡಿದ್ರು. ಕೊನೆಗೆ ಒಪ್ಪಂದ ಏನಾಯ್ತು ಅಂದ್ರೆ, ದೊಡ್ಡ ಕಲ್ಲು ಅವರಿಗೆ, ಅದರಲ್ಲಿ ನಾವು ತಲೆ ಹಾಕಲ್ಲ, ಚಿಕ್ಕದೊಂದು ಕಲ್ಲು ನಮ್ಮ ದುಡ್ಡಲ್ಲಿ ನಮ್ಮ ಮ್ಯಾಟರಲ್ಲಿ.

ಎರಡನ್ನೂ ಮಾಡಿಸೋ ಜವಾಬ್ದಾರಿ ನನ್ನ ತಲೆಗೇ ಬಂತು, ಮೈಸೂರಲ್ಲಿದೀಯಲ್ಲ ಅಂತ. ದೊಡ್ಡದು ಪಾಲಿಶ್ ಮಾಡಿದ ಕರೀ ಗ್ರಾನೈಟ್. ಅದರಲ್ಲಿ ಯಾರೂ ಉಳಿ ಹಿಡಿಯಲ್ಲ ಈಗ. ಕಂಪ್ಯೂಟರಲ್ಲಿ ಅಕ್ಷರ ಜೋಡಿಸಿ, ಸ್ಟಿಕ್ಕರ್ ಕಟ್ ಮಾಡಿ ಕಲ್ಲಿಗೆ ಅಂಟಿಸಿ, ಅಕ್ಷರದ ಜಾಗದಲ್ಲಿ ಮಾತ್ರ ಸ್ಟಿಕ್ಕರ್ ಕಿತ್ತು, ಮೆಷಿನಲ್ಲಿ ಜೋರಾಗಿ ಮರಳು ಊದಿ ಗುಂಡಿ ಮಾಡಿ, ಗೋಲ್ಡ್ ಪೇಂಟ್ ತುಂಬ್ತಾರೆ. ಸ್ಟಿಕ್ಕರ್ ಕಿತ್ತಾಗ ಫಳ ಫಳ. ಕೆಲಸ ಅರ್ಧ ದಿನದ್ದು, ತಲೆನೋವು ಪೂರಾ ಫಾಂಟಿಂದು. ನಾವು ಕಳಿಸೋದು ಯೂನಿಕೋಡಲ್ಲಿ, ಅಂಗಡಿ ಹುಡ್ಗ ಬಳಸೋದು ಹಳೇ ಕೋರೆಲ್ ಸಾಫ್ಟ್‌ವೇರು, ಅದಕ್ಕೆ ಹಾಕಿದ್ರೆ ಒತ್ತಕ್ಷರ ಎಲ್ಲಾ ಬಿಡಿ ಬಿಡಿಯಾಗಿ ಕೈಕಾಲು ಮುರ್ಕೊಂಡು ಬೀಳ್ತವೆ, ಹಂಗಾಗಿ ನುಡಿ ಅನ್ನೋ ಫಾಂಟಿಗೆ ಕನ್ವರ್ಟ್ ಮಾಡ್ತಾನೆ, ಅಲ್ಲಿ ಎಡವಟ್ಟಾಗಿದ್ದನ್ನ ಕೈಯಲ್ಲಿ ಸರಿಮಾಡ್ತಾನೆ, ಸರಿಮಾಡೋವಾಗ ಇನ್ನೊಂದು ಕೆಡುತ್ತೆ. ಪ್ರೂಫ್ ಮೂರು ಸಲ ಬಂತು. ಉದ್ಘಾಟಣೆ ಅಂತಿದ್ದಿದ್ದು ಉದ್ಘಾಟನೆ ಮಾಡಿಸಿದ್ವಿ, ಗ್ರಂತಾಲಯಕ್ಕೆ ಹೊಟ್ಟೆ ಸೀಳಿಸಿದ್ವಿ. ನಾನು ನೋಡಿದೆ, ಮೇಷ್ಟ್ರು ನೋಡಿದ್ರು, ಕಾಂಟ್ರಾಕ್ಟರ್ ಕಡೆಯೋರು ನೋಡಿದ್ರು, ಇನ್ನೂ ಯಾರೋ ನೋಡಿ ಸೈನ್ ಹಾಕಿದ್ರು. ಎಲ್ರೂ ಹೆಸರುಗಳನ್ನ ನೋಡಿದ್ರು, ಇನಿಷಿಯಲ್ ಸರಿ ಇದ್ಯಾ, ಮಾನ್ಯ ಇದ್ಯಾ, ಸನ್ಮಾನ್ಯ ಇದ್ಯಾ.

ಚಿಕ್ಕ ಕಲ್ಲು ಕೈಕೆತ್ತನೆ ಮಾಡಿಸ್ಬೇಕು ಅಂತ ನನ್ನ ಹಟ. ಮೈಸೂರಲ್ಲಿ ವಿಗ್ರಹ ಮಾಡೋ ಮನೆತನಗಳಿಗೆ ಕೊರತೆ ಇಲ್ಲ, ಅಯೋಧ್ಯೆ ಬಾಲರಾಮ ಮಾಡಿದ ಅರುಣ್ ಯೋಗಿರಾಜ್ ಮೈಸೂರೋರೇ, ಆ ಕಲ್ಲೂ ಮೈಸೂರು ತಾಲ್ಲೂಕಿನ ಗುಜ್ಜೇಗೌಡನಪುರದ್ದು. ಆದ್ರೆ ವಿಗ್ರಹ ಮಾಡೋರು ಬರೀ ಅಕ್ಷರ ಕೆತ್ತೋ ಚಿಲ್ಲರೆ ಕೆಲಸ ಯಾಕ್ ತಗೋತಾರೆ. ನಾಲ್ಕು ಕಡೆ ಅಲೆದ್ಮೇಲೆ ಒಬ್ಬ ಹಿರಿಯರು ಒಪ್ಕೊಂಡ್ರು. ರೇಟು ಅಕ್ಷರದ ಲೆಕ್ಕ. ಅಲ್ಲೊಂದು ಚೌಕಾಸಿ ನಡೀತು, ಒತ್ತಕ್ಷರ ಇದ್ರೆ ಅದು ಒಂದೇ ಅಕ್ಷರನಾ ಎರಡಾ? ನಾನು ಒಂದೇ ಅಂದೆ, ಅವರು "ಸ್ವಾಮಿ, ನಿಮಗೆ ಒಂದು, ನನ್ನ ಉಳಿಗೆ ಎರಡು" ಅಂದ್ರು. ಒಂದೂವರೆಗೆ ಸೆಟ್ಲ್ ಆಯ್ತು. ಇದರಿಂದ ಒಂದು ಲಾಭ ಆಯ್ತು, ಬರವಣಿಗೆ ತಾನಾಗೇ ಸರಿಹೋಯ್ತು. ಜೀರ್ಣೋದ್ಧಾರ ಅನ್ನೋದು ದುಬಾರಿ ಪದ, ಸರಿಮಾಡಿದ್ದು ಅನ್ನೋದು ಅಗ್ಗ. ಜ್ಞಾನದಾಸೋಹ ಮೊದಲೇ ಹೊರಟುಹೋಗಿತ್ತು. ಗ್ರಂಥಾಲಯ ಹೋಗಿ ಓದುವ ಮನೆ ಬಂತು. ಹಿಂಗೆ ಉಳಿದಿದ್ದು ಇಷ್ಟು:

"ಇದು 1929ರ ಓದುವ ಮನೆ. ಗಾರೆಗೆ ಬೆಲ್ಲ ಕೊಟ್ಟವರು ಆಲೆಮನೆಯವರು. ದಿನವೂ ಆರಕ್ಕೆ ಬಾಗಿಲು ತೆಗೆದು ಪೇಪರು ಹಾಕಿದವರು ಇಲ್ಲಿನ ಅಟೆಂಡರು. ಕುಸಿದ ಮೇಲೆ ಸುಣ್ಣದಲ್ಲೇ ಸರಿಮಾಡಿದೆ. ಈ ಗೋಡೆಗೆ ಸಿಮೆಂಟು ಬಳಿಯಬೇಡಿ."

ಕೊನೇ ಸಾಲು ನನ್ನ ಹೆಮ್ಮೆ. ಹಳೇ ಶಾಸನಗಳಲ್ಲಿ ಕೊನೆಗೆ ಶಾಪ ಇರುತ್ತಲ್ಲ, ಈ ಧರ್ಮ ಕೆಡಿಸಿದೋನು ವಾರಣಾಸಿಲಿ ಸಾವಿರ ಕವಿಲೆ ಹಸು ಕೊಂದ ಪಾಪಕ್ಕೆ ಹೋಗ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳ ಆಗಿ ಹುಟ್ತಾನೆ ಅಂತ. ನಾನು ಹುಳದ್ದೂ ಹಾಕ್ಬೇಕು ಅಂತಿದ್ದೆ, ಮೇಷ್ಟ್ರು ಬೇಡ ಅಂದ್ರು.

ದೊಡ್ಡ ಕಲ್ಲು ಕಾರ್ಯಕ್ರಮಕ್ಕೆ ಆರು ದಿನ ಮುಂಚೆ ಟೆಂಪೋದಲ್ಲಿ ಹೋಯ್ತು, ಎಪ್ಪತ್ತು ಕೆಜಿ ಮೇಲಿರ್ಬೇಕು, ನಾಲ್ಕು ಜನ ಇಳಿಸಿದ್ರು. ಹೂವಿನ ಅಂಗಡಿ ಅಜ್ಜಿ ಮೊಮ್ಮಗಳು ನಾಲ್ಕನೇ ಕ್ಲಾಸು, ನಿಂತ್ಕೊಂಡು ಜೋರಾಗಿ ಓದ್ತಿತ್ತು, "ಹಳೆಯ ಗ್ರಂಥಾಲಯ ಕಟ್ಟಡದ ಜೀ... ಜೀಣೋರ್... ಜೀಣೋರ್ದ್ಧಾರ" ಅಂತ. ಮೇಷ್ಟ್ರು ಸರಿಯಾಗಿ ಓದಮ್ಮ ಅಂತ ಗದರೋಕೆ ಹೋಗಿ ಕಲ್ಲು ನೋಡ್ತಾರೆ, ಮಗು ಸರಿಯಾಗೇ ಓದಿದೆ. ಅರ್ಕಾವೊತ್ತು ಒಂದು ಅಕ್ಷರ ಮುಂದೆ ಹಾರಿ ಕೂತಿದೆ. ನಾಲ್ಕು ಸಹಿ ಆದ ಪ್ರೂಫ್ ತೆಗೆದು ನೋಡಿದ್ರೆ ಅದರಲ್ಲೂ ಹಂಗೇ ಇದೆ, ನನ್ನ ಸಹಿ ಮೊದಲನೇದು. ಕನ್ನಡ ಮೇಷ್ಟ್ರ ಸಹಿ ಎರಡನೇದು, ಅವರು ಆ ರಾತ್ರಿ ಊಟ ಮಾಡ್ಲಿಲ್ಲ ಅಂತ ಅವರ ಮನೆಯೋರು ಹೇಳಿದ್ರು. ಗ್ರಾನೈಟಲ್ಲಿ ಆದ ಗುಂಡಿ ಮುಚ್ಚಕ್ಕೆ ಬರಲ್ಲ, ಪೇಸ್ಟ್ ತುಂಬಿ ಪಾಲಿಶ್ ಮಾಡ್ಬೋದು ಅಂದ್ರು, ಮಾಡಿದ್ರೆ ಕಲೆ ಕಾಣುತ್ತೆ. ಅಂಗಡಿಯೋರು ಒಳ್ಳೇ ಜನ, ಪ್ರೂಫಲ್ಲಿ ನೀವೇ ಓಕೆ ಮಾಡಿದೀರಿ ಸಾರ್ ಅಂತ ಒಂದೇ ಸಲ ಹೇಳಿ, ಅರ್ಧ ದುಡ್ಡಿಗೆ ಇನ್ನೊಂದು ಮಾಡಿಕೊಟ್ರು. ಆ ಅರ್ಧ ನಾನೂ ಮೇಷ್ಟ್ರೂ ಹಂಚ್ಕೊಂಡ್ವಿ, ಉಳಿದಿಬ್ರು ಸಹಿದಾರರು ಫೋನ್ ತೆಗೀಲಿಲ್ಲ. ಎರಡನೇ ಸಲದ ಪ್ರೂಫ್ ಆ ಮಗು ಕೈಲೇ ಓದಿಸಿದ್ವಿ, ಒಂದು ಡೈರಿ ಮಿಲ್ಕ್ ಫೀಸು.

ಇನ್ನು ಕೂರಿಸೋದು. ಕಾಂಟ್ರಾಕ್ಟರ್ ಕಡೆಯೋರು ಬಾಗಿಲ ಪಕ್ಕ 1929ರ ಕಲ್ಲಿನ ಮೇಲೇ ಕ್ಲ್ಯಾಂಪ್ ಹೊಡೆಯೋಣ, ಅಲ್ಲೇ ಫೋಟೋ ಚೆನ್ನಾಗಿ ಬರುತ್ತೆ ಅಂದ್ರು. ಡ್ರಿಲ್ ತಗೊಂಡು ಬಂದೂ ಬಿಟ್ರು. ಗಾರೆ ತಾತ ಡ್ರಿಲ್ ಮುಂದೆ ನಿಂತ್ಕೊಂಡ್ರು. "ಈ ಗ್ವಾಡೆ ಇನ್ನೂ ಅಸಿ ಅದೆ, ನಿಮ್ ಬೋಲ್ಟು ಒಡುದ್ರೆ ಬಾಯ್ ಬುಟ್ಕತದೆ, ಎಪ್ಪತ್ ಕೇಜಿ ಜೋತಾಕಕ್ಕೆ ಇದೇನ್ ಉಣಸೇ ಮರ್ವಾ?" ಅಂದ್ರು. ತಾತ ಹೇಳಿದ್ದು ನಿಜ, ಸುಣ್ಣದ ಗಾರೆ ಪೂರ್ತಿ ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು, ಎಕ್ಸ್‌ಪಾನ್ಷನ್ ಬೋಲ್ಟ್ ಒಳಗೆ ಹಿಗ್ಗಿ ಹಿಡಿಯೋದು, ಕಾಂಕ್ರೀಟಿಗೆ ಸರಿ, ಮೆತ್ತಗಿನ ಇಟ್ಟಿಗೆ ಸೀಳುತ್ತೆ. ಜೆಇಗೂ ತಾತನ ಮಾತು ಒಪ್ಪಿಗೆ ಆಯ್ತು (ಬೆಲ್ಲದ ವಿಷ್ಯದಲ್ಲಿ ಸೋತಿದ್ರಲ್ಲ). ಕೊನೆಗೆ ಗೇಟ್ ಪಕ್ಕ ಒಂದು ಕಟ್ಟೆ ಕಟ್ಟಿ ದೊಡ್ಡ ಕಲ್ಲು ಅಲ್ಲಿ ನಿಲ್ಲಿಸಿದ್ರು. ರಸ್ತೆಗೆ ಎದುರಾಗೇ ಕಾಣುತ್ತೆ ಅಂತ ಅವರಿಗೂ ಖುಷಿ. ಹೊಸಬರು ಹಳೇಬರ ಕಲ್ಲು ಮುಚ್ಚಬಾರ್ದು ಅನ್ನೋದಕ್ಕೆ ಕೆಆರ್‌ಎಸ್ ಅಣೆಕಟ್ಟೇ ಸಾಕ್ಷಿ, ಟಿಪ್ಪು ಕಾಲದ ಪರ್ಷಿಯನ್ ಶಾಸನ ಸಿಕ್ಕಿದ್ದನ್ನ ಅಲ್ಲೇ ಬಾಗಿಲಲ್ಲಿ ಇಟ್ಟಿದಾರೆ, ಟೂರಿಗೆ ಹೋದಾಗ ನೋಡಿ.

ಚಿಕ್ಕ ಕಲ್ಲು ಮತ್ತೆ ಹಿತ್ತಲ ಕಲ್ಲು ತಾತ ಒಬ್ರೇ ಕೂರಿಸಿದ್ರು. ಹಿತ್ತಾಳೆ ಕಡ್ಡಿ ಇಟ್ಟಿಗೆಗೆ ಹೊಡೀದೆ ಸಂದಿಲಿ ಇಳಿಸಿ, ಅದರ ಮೇಲೆ ಕಲ್ಲು ಕೂರಿಸಿ, ಸುತ್ತ ಗಾರೆ ತುಂಬಿ, ಗೋಣಿ ಒದ್ದೆ ಮಾಡಿ ಮುಚ್ಚಿದ್ರು. ಎಷ್ಟು ಎತ್ತರಕ್ಕೆ ಇಡ್ಬೇಕು ಅಂತ ಕೇಳಿದ್ರು, ಆ ಮಗುನ ಕರೆದು ನಿಲ್ಲಿಸಿ ಅದರ ಕಣ್ಣಿನ ಮಟ್ಟಕ್ಕೆ ಗೀಟು ಹಾಕಿದ್ವಿ. ಹಂಗಾಗಿ ದೊಡ್ಡೋರು ಬಗ್ಗಿ ಓದ್ಬೇಕು. ಉದ್ಘಾಟನೆ ದಿನ ಯಾರೂ ಬಗ್ಗಲ್ಲ ಅಂತ ಗೊತ್ತಿತ್ತು, ಬಗ್ಗಲೂ ಇಲ್ಲ. ಭಾಷಣ ಒಂದೂವರೆ ಗಂಟೆ, ಕೇಸರಿಬಾತು ಚೆನ್ನಾಗಿತ್ತು. ತಾತಂಗೆ ಶಾಲು ಹೊದಿಸಿದ್ರು, ಅದಕ್ಕೆ ನಾವು ಮುಂಚೆನೇ ಹೇಳಿಟ್ಟಿದ್ವಿ. ಆ ಅಟೆಂಡರ್ ಮಗ ಮಂಡ್ಯದಿಂದ ಬಂದಿದ್ರು, ಎಲ್ಲಾ ಹೋದ್ಮೇಲೆ ಮೊಬೈಲ್ ಹಿಡ್ಕೊಂಡು ಕುಕ್ಕರಗಾಲಲ್ಲಿ ಕೂತು ಆ ಒಂದು ಸಾಲಿನ ಫೋಟೋ ತೆಗೆದ್ರು. ಹೆಸರು ಹಾಕ್ಬೋದಿತ್ತಲ್ವಾ ಅಂತ ಕೇಳಿದ್ರು. ಹಾಕ್ಬೋದಿತ್ತು. ಯಾರ್ ಹೆಸರೂ ಬೇಡ ಅಂತ ನಾನೇ ನಿಯಮ ಮಾಡಿ, ನಿಯಮಕ್ಕೆ ನಾನೇ ಕಟ್ಟುಬಿದ್ದು, ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಈಗ್ಲೂ ಅದೊಂದು ಚುಚ್ತಿರುತ್ತೆ.

ಕಟ್ಟಡ ಈಗ ಮತ್ತೆ ಓದುವ ಮನೆ ಆಗಿದೆ, ಪುಸ್ತಕ ಎರವಲು ಕೊಡೋ ಲೈಬ್ರರಿ ಬಸ್ ಸ್ಟ್ಯಾಂಡಲ್ಲೇ ಉಳೀತು, ಇಲ್ಲಿ ಪೇಪರು, ಮಕ್ಕಳಿಗೆ ಒಂದಷ್ಟು ಪುಸ್ತಕ, ಕಾಂಪಿಟಿಟಿವ್ ಎಕ್ಸಾಮಿಗೆ ಓದೋ ಹುಡುಗ್ರು. ಮೊದಲ ಮಳೆಗಾಲ ದಾಟಿದೆ, ಕೆಳಗಿನ ನಾಲ್ಕಡಿ ಒಣಗಿದೆ.

ತಪ್ಪು ಕಲ್ಲು ವಾಪಸ್ ಅಂಗಡಿಗೆ ಹೋಗಿ ಅಲ್ಲೇ ಬಿದ್ದಿತ್ತು, ಸಾರ್ ಜಾಗ ಇಲ್ಲ ತಗೊಂಡ್ ಹೋಗಿ ಅಂತ ಎರಡು ಸಲ ಫೋನ್ ಬಂತು. ಅಷ್ಟು ಜನರ ಹೆಸರಿರೋ ಕಲ್ಲು ಎಲ್ಲಿ ಬಿಸಾಕೋದು, ಯಾರಾದ್ರೂ ಫೋಟೋ ತೆಗೆದ್ರೆ ಕಷ್ಟ, ಅದಕ್ಕೆ ಊರಿನ ಮನೆಗೇ ಹಾಕಿಸ್ದೆ. ಅಮ್ಮ ಹಿತ್ತಲಲ್ಲಿ ಮರಳು ಹಾಸಿ, ಪಾಲಿಶ್ ಕಡೆ ಕೆಳಗೆ ಮಾಡಿ ಮಲಗಿಸಿ, ಒರಟು ಕಡೆ ಬಟ್ಟೆ ಒಗೆಯೋಕೆ ಇಟ್ಕೊಂಡಿದಾಳೆ. ಕಲ್ಲು ಚೆನ್ನಾಗಿದೆ, ಕೊಳೆ ಬೇಗ ಬಿಡುತ್ತೆ, ಆದ್ರೆ ಇಷ್ಟುದ್ದ ಯಾಕೋ ತಂದೆ ಅಂತಾಳೆ.